ಎಲಚಿ ಬೀಜ ಒಡೆಯುವ ದೊಡ್ಡಮಾದಮ್ಮನ ನಿದ್ದೆ

ಕೌದಳ್ಳಿಯ ಆಚೆ, ಕಾಡಂಚಿನಲ್ಲಿ ಬೆಳಕು ಹರಿಯುವ ಹೊತ್ತು. ಆಡುಗಳನ್ನು ಹೊರಗೆ ಬಿಟ್ಟ ದೊಡ್ಡಮಾದಮ್ಮ ಅವುಗಳ ರೊಪ್ಪದೊಳಗೆ ಕುಕ್ಕರಗಾಲಿನಲ್ಲಿ ಕೂತು, ಹಿಕ್ಕೆಯ ನಡುವಿನಿಂದ ಎಲಚಿ ಬೀಜ ಆಯುತ್ತಿದ್ದಾರೆ. ಹಗಲು ಎಲಚಿ ಹಣ್ಣು ನುಂಗಿದ ಆಡು ರಾತ್ರಿ ಮೆಲುಕು ಹಾಕುವಾಗ ಬೀಜವನ್ನಷ್ಟೇ ಉಗುಳುತ್ತದೆ. ತೊಳೆದಂತೆ ನುಣ್ಣಗಿರುವ ಆ ಬೀಜ ಮಂಕರಿ ಬುಟ್ಟಿಗೆ ಬೀಳುತ್ತಿದೆ. ನಡುನಡುವೆ ಅವರ ಕಣ್ಣು ಮುಚ್ಚಿಕೊಳ್ಳುತ್ತದೆ. ಕೈ ಮಾತ್ರ ನಿಲ್ಲುವುದಿಲ್ಲ.

"ಅತ್ತೆ, ಮಂಕ್ರಿಗೆ ಹಿಕ್ಕೆ ಆಕ್ತಾ ಇದ್ದಯಲ್ಲ," ಸೊಸೆ ಯಶೋದ ನಗುತ್ತಾಳೆ.

"ಆಕುದ್ರೇನೀಗ? ಕ್ಯಾಂಪಿನ ತಾತ ಅದ್ಕೂ ಒಂದ್ ಕಾಯ್ಲೆ ಉಡುಕ್ತಾನೆ ಬುಡು."

ತಾತ ಎಂದರೆ ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನ ಮುದುಕ ಔಷಧಿಗಾರ. ಹರೆಯದಲ್ಲಿ ಕಲ್ಕತ್ತದ ಚೀನೀ ಗಿಡಮೂಲಿಕೆ ಅಂಗಡಿಯಲ್ಲಿ ದುಡಿದವರು. ನಿದ್ದೆ ಬಾರದವರಿಗೆ, ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುವವರಿಗೆ ಕೊಡುವ ಚೀನಾದ ಹಳೆಯ ಕಷಾಯವನ್ನು ಅಲ್ಲಿ ಕಲಿತರು. ಅತಿಮಧುರ ಮತ್ತಿತರ ಬೇರುಗಳ ಜೊತೆ ಅದಕ್ಕೆ ಮುಖ್ಯವಾಗಿ ಬೇಕಾದದ್ದು ಹುಳಿ ಎಲಚಿಯ ಬೀಜದೊಳಗಿನ ಬೇಳೆ. ಚೀನಾದ್ದು ಸಿಗದೆ ಇಲ್ಲಿನ ಕಾಡೆಲಚಿಗೆ ಒಗ್ಗಿಕೊಂಡರು. ಕೊಳ್ಳೇಗಾಲ, ಯಳಂದೂರಿನಿಂದ ಜನ ಬಸ್ಸು ಹತ್ತಿ ಬಂದು ಪೊಟ್ಟಣ ಒಯ್ಯುತ್ತಾರೆ. ಬೇಳೆ ಯಾರ ಕೈಯಿಂದ ಬಂತೆಂದು ಯಾರೂ ಕೇಳುವುದಿಲ್ಲ.

ಬಿಸಿಲೇರಿದರೆ ಒಡೆಯುವ ಕೆಲಸ. ಕಲ್ಲಿನ ಗುಳಿಯಲ್ಲಿ ಬೀಜ ನಿಲ್ಲಿಸಿ ಗುಂಡುಕಲ್ಲಿನಿಂದ ಒಂದೇ ಪೆಟ್ಟು. ಜೋರಾದರೆ ಬೇಳೆ ನುಚ್ಚು, ಜಾರಿದರೆ ಬೆರಳು. ದಿನವಿಡೀ ಒಡೆದರೂ ಪಾವು ತುಂಬುವುದಿಲ್ಲ. ದೊಡ್ಡಮಾದಮ್ಮನ ಎಡ ಹೆಬ್ಬೆರಳಿನ ಉಗುರು ಕಪ್ಪಾಗಿ ಹಾಗೇ ಉಳಿದಿದೆ.

ಗಂಡ ಮುತ್ತಯ್ಯ ಇದ್ದಾಗ ಇಬ್ಬರೂ ಸರದಿಯಲ್ಲಿ ರೊಪ್ಪ ಕಾಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಾವಲು ಇವರೊಬ್ಬರದೇ. ಮಗ ಕಾಫಿ ಕೊಯ್ಲಿಗೆಂದು ಕೊಡಗಿಗೆ ಹೋದರೆ ಬೇಗ ಬರುವುದಿಲ್ಲ. ಸುತ್ತ ಇರುವುದು ಮುಳ್ಳುಬೇಲಿ. ಚಿರತೆಗೆ ಅದು ಲೆಕ್ಕಕ್ಕಿಲ್ಲ.

"ಬೀಜ ಉಗುಳೋ ಸದ್ದು ಟಪ್ ಟಪ್ ಅಂತ ಕೇಳ್ತಾ ಇದ್ರೆ ಸಮಾಧಾನ ಕಣವ್ವ. ಸದ್ದು ನಿಂತೋದ್ರೆ ಆಡು ಏನೋ ಕಂಡವೆ ಅಂತ. ಆಗ ನನ್ನೆದೆ ಒಡ್ಕೊಳಕ್ಕೆ ಸುರುವಾಯ್ತದೆ," ಕೆಲಸ ನೋಡಲು ಬಂದ ನನಗೆ ದೊಡ್ಡಮಾದಮ್ಮ ಹೇಳುತ್ತಾರೆ.

ಅತ್ತೆಯ ಪಾಡು ನೋಡಲಾರದೆ ಯಶೋದ ಹೋದ ವರ್ಷ ಶಿವರಾತ್ರಿಗೆ ಮುಂಚೆ ತಾತನಿಂದ ಪೊಟ್ಟಣ ತಂದು, ಕುದಿಸಿ, ಹೇಳದೆ ಅಂಬಲಿಗೆ ಬೆರೆಸಿದಳು. ದೊಡ್ಡಮಾದಮ್ಮ ಕೋಳಿ ಕೂಗಿದ್ದೂ ಕೇಳಿಸದಂತೆ ಮಲಗಿದರು. ಎದ್ದು ನೋಡಿದರೆ ಗಬ್ಬದ ಆಡು ಇಲ್ಲ. ಮುಳ್ಳಿಗೆ ಕೂದಲು ಸಿಕ್ಕಿಕೊಂಡಿತ್ತು, ಮಣ್ಣಿನಲ್ಲಿ ಚಿರತೆಯ ಹೆಜ್ಜೆ.

"ಅತ್ತೆ ಬಯ್ಯಲೇ ಇಲ್ಲ. ಬಯ್ದುಬುಟ್ಟಿದ್ರೆ ಚೆನ್ನಾಗಿತ್ತು," ಯಶೋದ ತಲೆ ತಗ್ಗಿಸುತ್ತಾಳೆ.

"ಔಸ್ದಿ ಸುಳ್ಳಲ್ಲ ಕೂಸೇ. ನಿದ್ದೆ ಬಂತಲ್ಲ, ಅದ್ಕೇ ಆಡು ಓಯ್ತು."

ಇವತ್ತು ನಾನು ಕಾಯುತ್ತೇನೆ, ನೀನು ಮಲಗು ಎಂದು ಸೊಸೆ ಎಷ್ಟೋ ಸಲ ಹೇಳಿದ್ದಾಳೆ.

"ಇವ್ಳಾ? ಚಿರತೆ ಇವ್ಳನ್ನೇ ಎತ್ಕಂಡೋದ್ರೂ ಗೊರಕೆ ನಿಲ್ಲಕಿಲ್ಲ!"

ಇಬ್ಬರೂ ನಗುತ್ತಾರೆ. ನಗು ಮುಗಿಯುವ ಮೊದಲೇ ದೊಡ್ಡಮಾದಮ್ಮನಿಗೆ ಆಕಳಿಕೆ ಬರುತ್ತದೆ. ಅಂದು ಉಳಿದ ಕಷಾಯದ ಪುಡಿ ಬಟ್ಟೆಯ ಗಂಟಿನಲ್ಲಿ ತೊಲೆಗೆ ನೇತಾಡುತ್ತಿದೆ. ಎಸೆದಿಲ್ಲ.

"ರೊಪ್ಪದ ಮ್ಯಾಲೊಂದು ತಗಡು, ಮುಂದ್ಕೊಂದು ಬಾಗ್ಲು. ಅಷ್ಟಾದ ದಿನ ಅದ್ನ ಇಳಿಸ್ಕಂಡು ನಾನೇ ಕಾಯಿಸ್ಕಂಡು ಕುಡೀತೀನಿ," ಎನ್ನುತ್ತಾ ಅವರು ಗುಂಡುಕಲ್ಲು ಕೈಗೆತ್ತಿಕೊಳ್ಳುತ್ತಾರೆ. "ಅಲ್ಲೀಗಂಟ ಯಳಂದೂರೋರು ಮಲಗ್ಲಿ."