ಕೋಳಿ ಹುಡುಕುತ್ತಿದ್ದ ನೀಲವ್ವ ಮೇಡಂ

ನೀಲವ್ವ ಮೇಡಂ ಯಾವ ಪುಸ್ತಕವನ್ನೂ ಮೊದಲಿನಿಂದ ತೆರೆದವರಲ್ಲ. ಕೈಗೆ ಕೊಟ್ಟ ಕೂಡಲೇ ಕೊನೆಯ ಪುಟಗಳ ಪದಸೂಚಿಗೆ ಹೋಗಿ, ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ಹುಡುಕುತ್ತಿದ್ದರು. "ಏನ್ ನೋಡಾಕತ್ತೀರಿ ಮೇಡಂ?" ಎಂದರೆ, "ಕೋಳಿ ಐತೇನು ನೋಡಾಕತ್ತೇನ್ರಿ" ಎನ್ನುವರು. ನಮ್ಮ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷಶಾಸ್ತ್ರದ ಪಾಠ ಹೊಸದಾಗಿ ಶುರುವಾಗುವುದಿತ್ತು. ಪಠ್ಯಪುಸ್ತಕ ಆರಿಸುವ ಹೊಣೆ ನಮ್ಮಿಬ್ಬರದು. ಆಗಷ್ಟೇ ಕೆಲಸಕ್ಕೆ ಸೇರಿದ್ದ ನನಗೆ ಅಲ್ಲಿ ಕೋಳಿಗೇನು ಕೆಲಸವೆಂದು ತಿಳಿಯಲಿಲ್ಲ.

ನಾನು ಮೆಚ್ಚಿದ್ದು ಇಟ್ಟಿಗೆಯಷ್ಟು ದಪ್ಪನೆಯ, ಬಣ್ಣದ ಚಿತ್ರಗಳ ವಿದೇಶಿ ಪುಸ್ತಕ. ಅವರು ಹಿಡಿದು ಕೂತದ್ದು ಒಂದು ಬಡಕಲು ಪುಸ್ತಕ. ವಾರವಿಡೀ ವಾದ ಮಾಡಿದೆ. ಕಡೆಗೆ ಅವರು ಹಾನಗಲ್ಲಿನ ಒಬ್ಬಳು, ಸವಣೂರಿನ ಒಬ್ಬಳು, ಇಬ್ಬರು ಜಾಣ ವಿದ್ಯಾರ್ಥಿನಿಯರನ್ನು ಕರೆದು, ಒಂದೊಂದು ಪುಸ್ತಕ ಕೊಟ್ಟು, ಒಂದೇ ಪ್ರಶ್ನೆ ಕೇಳಿದರು. ಬಿತ್ತಿ ಉಳಿದ ಗೋವಿನಜೋಳದ ಬೀಜಕ್ಕೆ ಹುಳ ಹಿಡಿಯದಂತೆ ಕೆಂಪು ಔಷಧಿ ಹಚ್ಚಿರುತ್ತಾರೆ. ಬಣ್ಣ ಹೋಗುವತನಕ ತೊಳೆದು ಅದನ್ನು ಕೋಳಿಗೆ ಹಾಕಬಹುದೇ?

ನನ್ನ ಪುಸ್ತಕ ಹಿಡಿದ ಹಾನಗಲ್ಲಿನವಳು ಕೋಷ್ಟಕಗಳಲ್ಲೇ ಕಳೆದುಹೋದಳು. ಸವಣೂರಿನವಳು ಅರ್ಧ ತಾಸಿಗೆ ಬಂದು, "ಹಾಕಬಾರದ್ರಿ. ಬಣ್ಣ ಬ್ಯಾರೆ, ವಿಷ ಬ್ಯಾರೆ. ಬಣ್ಣ ಹೋತಂದ್ರ ವಿಷಾನೂ ಹೋತು ಅಂತ ಹೇಳಾಕ ಬರೂದಿಲ್ಲ" ಎಂದಳು.

ಹುಡುಗಿಯರು ಹೋದ ಮೇಲೆ ಮೇಡಂ ಬಡಕಲು ಪುಸ್ತಕದ ಪದಸೂಚಿ ತೆರೆದು, 'ಕೋಳಿ' ಎಂದಿದ್ದಲ್ಲಿ ಬೆರಳಿಟ್ಟು ತೋರಿಸಿದರು. ಆಮೇಲೆ ಹೇಳಿದರು: "ದುಂಡಸಿಯೊಳಗ ನಮ್ಮ ತಂಗಿ ಇದನ್ನ ಕೇಳಿದ್ಲ್ರಿ. ಇಷ್ಟೆಲ್ಲಾ ಓದಿದಾಕಿ ನಾನು, ವಿಚಾರ ಮಾಡದ, ಚೊಲೋತ್ನ್ಯಾಗ ತೊಳದು ಹಾಕವ್ವಾ ಅಂದೆ. ಎಲ್ಲಾ ಕೋಳಿ ಸತ್ತುವು. ಆಕಿ ಬೈಲಿಲ್ಲ. ಆದ್ರ ಅವತ್ತಿಂದ ನನಗ ಏನೂ ಕೇಳೂದು ಬಿಟ್ಟಾಳ."

ನನಗೆ ನಾಚಿಕೆಯಾಯಿತು. ಬಡಕಲು ಪುಸ್ತಕಕ್ಕೆ ನಾನೇ ಮೊದಲು ಸಹಿ ಹಾಕಿದೆ.

ನಿವೃತ್ತರಾಗಿ ಎರಡು ವರ್ಷಕ್ಕೆ ಮೇಡಂ ತೀರಿಕೊಂಡರು. ಅದಕ್ಕೂ ಮೊದಲು, ಕಡೆಯ ಸಲ ಸಿಕ್ಕಿದ್ದು ಶಿಗ್ಗಾಂವಿ ಬಸ್‌ಸ್ಟ್ಯಾಂಡಿನಲ್ಲಿ. ದುಂಡಸಿ ಬಸ್ಸಿಗೆ ಅವಸರದಲ್ಲಿದ್ದರು, ಮುಖ ಮಾತ್ರ ಅರಳಿತ್ತು.

"ಮುಂಜಾನೆ ತಂಗಿ ಫೋನ್ ಮಾಡಿದ್ಲ್ರಿ. ಹತ್ತಿಗೆ ಹುಳದ ಎಣ್ಣಿ ಹೊಡದಾರ, ಬದುವಿನ ಹುಲ್ಲು ಎಮ್ಮಿಗೆ ಹಾಕ್ಲೇನು ಅಂತ ಕೇಳಿದ್ಲು."

"ಏನಂದ್ರಿ?"

"ಗೊತ್ತಿಲ್ಲವ್ವಾ, ಯಾವ ಎಣ್ಣಿ ಅಂತ ಡಬ್ಬಿ ನೋಡಿ ಹೇಳ್ತೇನಿ, ತಡಿ ಅಂದೆ." ಬಸ್ಸಿನ ಮೆಟ್ಟಿಲೇರಿ ತಿರುಗಿ ನೋಡಿದರು. "ಎಮ್ಮಿಗೆ ಒಣಮೇವು ಹಾಕಿ, ನನ್ನ ದಾರಿ ಕಾಯಾಕತ್ತಾಳ್ರಿ."