ಪೆನ್ಸಿಲಿನ ಅಕ್ಷರ ಓದಿದ ವೇದಾವತಿ

ಮಣಿಪಾಲದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವೇದಾವತಿಗೆ ಇಪ್ಪತ್ತೊಂಬತ್ತು ವರ್ಷ ಕಳೆದಿತ್ತು. ಅಂಬಲಪಾಡಿಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದರು. ಮೊದಲೆಲ್ಲ ಕೌಂಟರಿನಲ್ಲಿದ್ದರು. ಎದುರು ನಿಂತವರ ಮುಖ ನೋಡಿಯೇ ಪುಸ್ತಕ ಎತ್ತಿಕೊಡುತ್ತಿದ್ದರು. ಕೊರೋನಾದ ನಂತರ, ಮನೆಯಿಂದಲೇ ಓದುವವರಿಗೆ ನೆರವಾಗುವ ವಿಭಾಗಕ್ಕೆ ಅವರನ್ನು ಹಾಕಿದರು. ಅಲ್ಲಿ ಮುಖಗಳಿಲ್ಲ, ದಿನಕ್ಕೆ ಅರವತ್ತು ಮೇಲ್. ಪಾಸ್‌ವರ್ಡ್ ಮರೆತಿದೆ, ಲಿಂಕ್ ತೆರೆಯುತ್ತಿಲ್ಲ. ಒಮ್ಮೆ ಶಿರ್ವದಿಂದ ಯಾರೋ ಬರೆದಿದ್ದರು: "ಇದು ಮನುಷ್ಯರೋ, ಯಂತ್ರವೋ?" ವೇದಾವತಿ ಪಾಸ್‌ವರ್ಡ್ ಬದಲಿಸುವ ಕ್ರಮವನ್ನೇ ಮತ್ತೊಮ್ಮೆ ಕಳಿಸಿದರು.

ಶರಣಮ್ಮ ಮೇಲ್ ಬರೆಯಲಿಲ್ಲ, ಫೋನ್ ಮಾಡಿದಳು. ಬಯಲುಸೀಮೆಯಿಂದ ಬಂದು ಕಾರ್ಕಳದಲ್ಲಿ ನೆಲೆಸಿದವರ ಮಗಳು, ಕಲ್ಲುಕೋರೆ ಕೆಲಸಗಾರರ ಉಸಿರಾಟದ ತೊಂದರೆಯ ಮೇಲೆ ಸಂಶೋಧನೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ೧೯೯೪ರ ಒಂದು ಸಮೀಕ್ಷೆಯ ರಿಜಿಸ್ಟರ್ ಇತ್ತು. ಅದು ಬೇಕಾಗಿತ್ತು.

"ಅದು ಹೊರಗೆ ಕಳಿಸುವ ಹಾಗಿಲ್ಲ. ನೀವೇ ಬಂದು ನೋಡಬೇಕು."

"ಬರ್ಲಿಕ್ಕೆ ಆಗೂದಿಲ್ರಿ ಮೇಡಂ. ಅಪ್ಪಗ ಆಕ್ಸಿಜನ್ ಹಚ್ಚೇವಿ. ಅವ್ವ ಕೆಲಸಕ್ಕ ಹೋಗ್ತಾಳ, ನಾ ಬಿಟ್ಟ್ ಬರಾಂಗಿಲ್ಲ."

ಬೇಸರದಿಂದಲೇ ವೇದಾವತಿ ರಿಜಿಸ್ಟರ್ ತಂದು ಫೋಟೋ ತೆಗೆದರು. ಬಿಳಿ ಹಾಳೆ ಬಿಟ್ಟು ಏನೂ ಮೂಡಲಿಲ್ಲ. ಎಲ್ಲವೂ ಮಾಸಿದ ಪೆನ್ಸಿಲಿನ ಬರಹ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಕಾಣುತ್ತಿತ್ತು. ಕೊನೆಗೆ ಊಟದ ಬಿಡುವಿನಲ್ಲಿ ಕಿಟಕಿ ಬಳಿ ನಿಂತು ಫೋನಿನಲ್ಲಿ ತಾವೇ ಓದಿ ಹೇಳತೊಡಗಿದರು. ಹೆಸರು, ವಯಸ್ಸು, ಎಷ್ಟು ವರ್ಷ ದುಡಿದಿದ್ದಾನೆ, ಒಂದೇ ಉಸಿರಿಗೆ ಎಷ್ಟು ಗಾಳಿ ಊದಿದ. ಆ ಕಡೆ ಶರಣಮ್ಮ ಟೈಪ್ ಮಾಡುತ್ತಿದ್ದಳು. ಹಿಂದೆ ಯಂತ್ರದ ಗುಂಯ್‌ಗುಡುವಿಕೆ, ನಡುನಡುವೆ ಕೆಮ್ಮು. ಮೂರನೆಯ ದಿನಕ್ಕೆ ವೇದಾವತಿಗೆ ಭುಜ ಎತ್ತಲಾಗುತ್ತಿರಲಿಲ್ಲ.

ಏಳನೆಯ ದಿನ ಓದಿದರು: "ಬೀರಪ್ಪ, ಮೂವತ್ತೊಂದು. ಒಂಬತ್ತು ವರ್ಷ ಕೆಲಸ. ಒಂದೂವರೆ ಲೀಟರ್."

ಕೆಮ್ಮು ನಿಂತಿತು. ಗಂಡಸಿನ ದನಿ ಕೇಳಿಸಿತು. "ಇನ್ನೊಮ್ಮೆ ಓದಾಕ ಹೇಳವ್ವ."

ವೇದಾವತಿ ಇನ್ನೊಮ್ಮೆ ಓದಿದರು. ಊರಿನ ಹೆಸರನ್ನೂ ಓದಿದರು.

"ಮೇಡಂ," ಎಂದಳು ಶರಣಮ್ಮ, "ಅದು ನಮ್ಮ ದೊಡ್ಡಪ್ಪ. ಅಪ್ಪನ ಅಣ್ಣ."

ಹಿಂದಿನಿಂದ ಅವಳ ಅಪ್ಪ ಮಲಕಪ್ಪ ತಡೆತಡೆದು ಮಾತಾಡಿದ. "ನಳಿಗೆ ಊದಿಸಿದ್ರು. ಎಲ್ಲಾರೂ ಸಾಲಾಗಿ ನಿಂತಿದ್ವಿ. ಎಷ್ಟ್ ಬಂತು ಅಂತ ಯಾರೂ ಹೇಳಲಿಲ್ಲ. ಅಣ್ಣ ಮತ್ತ ಐದು ವರ್ಷ ಕಲ್ಲು ಒಡದು ಸತ್ತ." ಮತ್ತೆ ಕೇಳಿದ, "ಒಂದೂವರೆ ಅಂದ್ರ ಕಡಿಮಿ ಏನ್ರಿ?"

ನಾಲ್ಕರ ಆಸುಪಾಸು ಇರಬೇಕಿತ್ತೆಂದು ವೇದಾವತಿಗೆ ಆ ಏಳು ದಿನಗಳಲ್ಲಿ ಗೊತ್ತಾಗಿತ್ತು. "ಹೌದು," ಎಂದರು. "ತುಂಬಾ ಕಡಿಮೆ."

ಮಲಕಪ್ಪನ ಹೆಸರೂ ಇರಬಹುದೆಂದು ಉಳಿದ ಪುಟಗಳನ್ನು ಹುಡುಕಿದರು. ಇರಲಿಲ್ಲ. ಕೊನೆಯ ಹಾಳೆಗಳನ್ನು ಗೆದ್ದಲು ತಿಂದಿತ್ತು.

ಹನ್ನೊಂದನೆಯ ದಿನ ಶರಣಮ್ಮನಿಗೆ ಬೇಕಾದಷ್ಟು ಮುಗಿಯಿತು. ಅವಳ ಪ್ರಬಂಧದ ಆ ಅಧ್ಯಾಯ ಒಪ್ಪಿತವಾಯಿತು; ಅದರಲ್ಲಿ ಹೆಸರುಗಳಿಲ್ಲ, ಸಂಖ್ಯೆಗಳು ಮಾತ್ರ. ಮುಂಗಾರಿಗೆ ಮೊದಲೇ ಮಲಕಪ್ಪ ತೀರಿಕೊಂಡ. ಆ ಸುದ್ದಿ ಮಾತ್ರ ಮೇಲ್‌ನಲ್ಲಿ ಬಂತು, ಎರಡೇ ಸಾಲು. ಉತ್ತರ ಬರೆಯಲು ವೇದಾವತಿಗೆ ಅರ್ಧ ದಿನ ಹಿಡಿಯಿತು.

ಆಮೇಲೆ ಅವರು ಗ್ರಂಥಪಾಲಕ ಹೆರಾಲ್ಡರ ಕೋಣೆಗೆ ಹೋದರು. "ಆ ರಿಜಿಸ್ಟರಿನಲ್ಲಿ ಇನ್ನೂ ನೂರು ಪುಟ ಉಂಟು ಸರ್. ನಾನು ಟೈಪ್ ಮಾಡಿಡುತ್ತೇನೆ."

"ನಿಮ್ಮ ಭುಜ ನೋಡಿಕೊಳ್ಳಿ ಮಾರಾಯ್ರೆ. ಅದನ್ನು ಇನ್ನು ಯಾರು ಕೇಳುತ್ತಾರೆ?"

"ಕೇಳಿದಾಗ ಓದಿ ಹೇಳಲಿಕ್ಕೆ ನಾನು ಇರುವುದಿಲ್ಲ ಅಲ್ವಾ."

ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ದಿನಕ್ಕೆ ಒಂದು ಪುಟ ಆಗುತ್ತಿತ್ತು. ಮೋಡ ಕವಿದ ದಿನ ಅದೂ ಇಲ್ಲ.