ರಾಣಿಯ ಕಿವಿ ಹಿಂದಿನ ಕರಿದಾರ

ಮದ್ದೂರಿನ ಕಲ್ಯಾಣ ಮಂಟಪದ ಮುಂದೆ ಇವತ್ತು ಮೆರವಣಿಗೆಯ ಕುದುರೆಯೊಂದು ತಲೆ ಒದರುತ್ತಾ ನಿಂತಿತ್ತು. ಅದರ ಬೆವರಿನ ವಾಸನೆ ಮೂಗಿಗೆ ಬಡಿದದ್ದೇ ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲಿದ್ದ ಬುಡನ್ ಸಾಬರ ಜಟಕಾ ಕುದುರೆ ರಾಣಿ ನೆನಪಾದಳು.

ರಾಣಿ ಬಂದ ದಿನವೇ ನಮ್ಮಜ್ಜಿ ದೃಷ್ಟಿಯಾಗದಿರಲೆಂದು ಕವಡೆ ಪೋಣಿಸಿದ ಕರಿದಾರವನ್ನು ಅವಳ ತಲೆಪಟ್ಟಿಯ ಒಳಗೆ, ಯಾರಿಗೂ ಕಾಣದ ಹಾಗೆ ಕಟ್ಟಿಸಿದ್ದಳು. ಸ್ವಲ್ಪ ದಿನದಲ್ಲೇ ರಾಣಿ ತಲೆ ಒದರಲು, ಕಚ್ಚಲು ಶುರುಮಾಡಿದಳು. ಅಜ್ಜಿ ಇನ್ನೊಂದು ದಾರ ಕಟ್ಟಿಸಿದಳು. ಸಾಬರು ದರ್ಗಾದಿಂದ ತಾಯಿತ ತಂದು ಅದರ ಪಕ್ಕಕ್ಕೇ ಬಿಗಿದರು. ರಾಣಿಯ ಸಿಟ್ಟು ಇನ್ನೂ ಏರಿತು. ಜಟಕಾ ಹತ್ತುವವರೇ ಇಲ್ಲವಾದರು.

"ಇನ್ನಾಗಕಿಲ್ಲ ಕಣಮ್ಮ, ಮಾರ್ಬುಡ್ತೀನಿ" ಎಂದು ಸಾಬರು ಅಜ್ಜಿಯ ಮುಂದೆ ಕಣ್ಣೊರೆಸಿಕೊಂಡರು.

ಕೊನೆಗೆ ದನದ ಡಾಕ್ಟರನ್ನು ಕರೆಸಿದರು. ಅವರು ಹಲ್ಲು ನೋಡಿದರು, ಗೊರಸು ನೋಡಿದರು, ಕಿವಿಯ ಹಿಂದೆ ಬೆರಳಿಟ್ಟರು. ರಾಣಿ ಅವರ ತೋಳಿಗೇ ಬಾಯಿ ಹಾಕಿದಳು. ಪಟ್ಟಿಯಡಿ ಕವಡೆ ಒತ್ತಿ ಹುಣ್ಣಾಗಿತ್ತು.

"ಗಾಳಿ ಗೀಳಿ ಏನಿಲ್ಲ, ಇದಕ್ಕೆ ನೋವದೆ" ಎಂದು ಡಾಕ್ಟರು ದಾರ, ತಾಯಿತ ಎಲ್ಲ ಕತ್ತರಿಸಿ ಮುಲಾಮು ಹಚ್ಚಿದರು. ಹುಣ್ಣು ಮಾಯುತ್ತಿದ್ದಂತೆ ರಾಣಿ ಮೊದಲಿನ ಹಾಗೆ ಸಾಬರ ಭುಜಕ್ಕೆ ಮೂತಿ ಉಜ್ಜತೊಡಗಿದಳು.

ಅಜ್ಜಿ ಮಾತ್ರ ಸೋಲಲಿಲ್ಲ. "ನೋಡುದ್ರಾ ಸಾಬ್ರೆ, ಡಾಕ್ಟ್ರುನ್ನ ಕರ್ಕೊಂಡ್ ಬಂದಿದ್ದೇ ನನ್ ದಾರ."

ಇವತ್ತು ನಾನು ಧೈರ್ಯ ಮಾಡಿ ಕುದುರೆಯವನ ಹತ್ತಿರ ಹೋಗಿ, "ಕಿವಿ ಹಿಂದೆ ಒಂದ್ಸಲ ನೋಡಿ" ಎಂದೆ.

"ನೀವು ಡಾಕ್ಟ್ರಾ?"

"ಅಲ್ಲ, ಕನ್ನಡ ಎಂ.ಎ."

ಅವನು ನಗುತ್ತಲೇ ಪಟ್ಟಿ ಸಡಿಲಿಸಿ ಇಣುಕಿದ. ಆಮೇಲೆ ನಗು ನಿಲ್ಲಿಸಿ ಕೇಳಿದ: "ದನದಾಸ್ಪತ್ರೆ ಎಲ್ಲದೆ?"